ಮಾತ್ರೆ ಇಳಿಸಿದ ತಿಂಗಳುಗಳು

ಕಾರು ಕಲಿಸುವುದು ನನ್ನ ಕೆಲಸ. ಬನಶಂಕರಿಯ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಬಹಳ ವರ್ಷ ಹೆಂಗಸರಿಗೆ ಕಲಿಸಲು ಇದ್ದ ಹೆಂಗಸು ನಾನೊಬ್ಬಳೇ. ನಮ್ಮಪ್ಪನಿಗೆ ಕೋಣನಕುಂಟೆಯಲ್ಲಿ ಒಂದು ಗೂಡ್ಸ್ ಟೆಂಪೋ ಇತ್ತು. ಕನಕಪುರ ರಸ್ತೆ ಇಷ್ಟು ಅಗಲವಾಗುವ ಮೊದಲು, ಮನೆಗಳೇಳದ ಲೇಔಟುಗಳಲ್ಲಿ ಆ ಟೆಂಪೋದ ಸ್ಟೀರಿಂಗನ್ನು ನನ್ನ ಕೈಗೆ ಕೊಟ್ಟು ತಾವು ಪಕ್ಕದಲ್ಲಿ ಬೀಡಿ ಹಚ್ಚಿಕೊಂಡು ಕೂರುತ್ತಿದ್ದರು. ಹಾಗಾಗಿ ಗಾಡಿ ಎಂದರೆ ಭಯ ಎನ್ನುವುದು ನನಗೆ ಗೊತ್ತಾಗಲೇ ಇಲ್ಲ. ಮದುವೆಯಾಗಿ ಇಟ್ಟಮಡುವಿಗೆ ಬಂದೆ. ಗಂಡ ಲಿಫ್ಟ್ ಮೆಕ್ಯಾನಿಕ್. ಜೆ.ಪಿ. ನಗರ, ಪುಟ್ಟೇನಹಳ್ಳಿ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟ್ ನಿಂತರೆ ಅವರಿಗೆ ಫೋನು ಬರುತ್ತದೆ. ಮನೆಯಲ್ಲಿ ನಾವಿಬ್ಬರೇ.

ಕಲಿಸುವವರು ಕೂರುವುದು ಎಡಗಡೆ. ಕಾಲ ಕೆಳಗೆ ನಮಗೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತದೆ. ಬಾಯಿ ಸಮಾಧಾನದ ಮಾತಾಡುತ್ತಿದ್ದರೂ ಕಾಲು ಸದಾ ಆ ಬ್ರೇಕಿನ ಮೇಲೆ ತೂಗುತ್ತಿರಬೇಕು. ಒತ್ತಲೂಬಾರದು, ಬಿಡಲೂಬಾರದು. ಇಷ್ಟು ವರ್ಷ ಅದು ನನಗೆ ಉಸಿರಾಟದಷ್ಟೇ ಸಲೀಸಾಗಿತ್ತು. ಕಾಲಿಗೂ ಮಂಡಿಗೂ ಪಾದಕ್ಕೂ ಒಂದೊಂದು ಕೀಲು ಇದೆ, ಅದರೊಳಗೆ ಮೂಳೆ ಇದೆ ಎಂದು ನಾನು ಯೋಚಿಸಿದವಳೇ ಅಲ್ಲ.

ಮೊದಲು ಬಂದದ್ದು ಬಾವು. ಬೆಳಿಗ್ಗೆ ಎದ್ದರೆ ಕಣ್ಣಿನ ಕೆಳಗೆ ಊದಿರುತ್ತಿತ್ತು, ಸಂಜೆಯ ಹೊತ್ತಿಗೆ ಚಪ್ಪಲಿಯ ಪಟ್ಟಿ ಕಾಲಿನಲ್ಲಿ ಹಳ್ಳ ಮಾಡಿರುತ್ತಿತ್ತು. ಬಿಸಿಲಿನಲ್ಲಿ ಕೂತು ಕೂತು ಹೀಗಾಗಿದೆ ಅಂದುಕೊಂಡೆ. ಕೊನೆಗೆ ಬಾವು ಮಂಡಿಯ ತನಕ ಏರಿದಾಗ ಗಂಡ ಗದರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುತ್ತಿದೆ ಅಂದರು. ಕಿಡ್ನಿಗೆ ಸೂಜಿ ಹಾಕಿ ಪರೀಕ್ಷೆ ಮಾಡಿದ ಮೇಲೆ ಕಿಡ್ನಿ ಡಾಕ್ಟರು, ನನಗಿಂತ ಸ್ವಲ್ಪ ಚಿಕ್ಕವರಿರಬಹುದಾದ ಹೆಣ್ಣುಮಗಳು, ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟರು.

"ಇದಕ್ಕೆ ಈ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತೆ," ಅಂದರು. "ಆದ್ರೆ ಒಂದ್ ಮಾತು. ನೀವಾಗೇ ನಿಲ್ಲಿಸೋ ಹಾಗಿಲ್ಲ. ಹೆಚ್ಚಿಗೆ ಕೊಟ್ಟು ಆಮೇಲೆ ನಿಧಾನಕ್ಕೆ ಇಳಿಸ್ತಾ ಬರ್ತೀನಿ. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತೆ."

ಇಳಿಸುವುದರಲ್ಲಿ ಏನು ಕಷ್ಟ ಎಂದು ನಾನು ಕೇಳಲಿಲ್ಲ. ಮಾತ್ರೆ ಹೆಚ್ಚಾಗುವಾಗ ತೊಂದರೆ ಇರಬಹುದು, ಕಡಿಮೆಯಾಗುವಾಗ ಒಳ್ಳೆಯದೇ ತಾನೇ ಎಂದುಕೊಂಡಿದ್ದೆ.

ಮಾತ್ರೆ ನಿಜಕ್ಕೂ ಕೆಲಸ ಮಾಡಿತು. ಬಾವು ಇಳಿಯಿತು, ಪ್ರೋಟೀನ್ ಸೋರುವುದು ನಿಂತಿತು. ಅದರ ಜೊತೆಗೆ ಹೊಟ್ಟೆಯಲ್ಲಿ ಎಂಥದೋ ಹಸಿವು ಹುಟ್ಟಿತು. ತಿಂಡಿ ತಿಂದು ಕೈ ತೊಳೆಯುವಷ್ಟರಲ್ಲಿ ಮತ್ತೆ ತಿನ್ನಬೇಕು ಅನಿಸುತ್ತಿತ್ತು. ಮುಖ ಗುಂಡಗಾಯಿತು. ಸ್ಕೂಲಿನ ಹತ್ತಿರದ ಹೂವಿನವಳು ಒಂದು ದಿನ ನನ್ನನ್ನು ಗುರುತಿಸದೆ "ಹೂವು ಬೇಕಾ ಅಕ್ಕ" ಎಂದು ಹೊಸಬರನ್ನು ಕೇಳಿದ ಹಾಗೆ ಕೇಳಿದಳು. ಆದರೆ ಮೈಯಲ್ಲಿ ಶಕ್ತಿ ತುಂಬಿ ತುಳುಕುತ್ತಿತ್ತು. ಅಟ್ಟದ ಮೇಲಿನ ಪಾತ್ರೆಗಳನ್ನೆಲ್ಲ ಇಳಿಸಿ ತೊಳೆದೆ. ಕ್ಲಾಸುಗಳ ಮೇಲೆ ಕ್ಲಾಸು ತೆಗೆದುಕೊಂಡೆ. ಎಲ್ಲೂ ನೋವು ಅನ್ನುವುದಿರಲಿಲ್ಲ.

ಇಳಿಸಲು ಶುರುಮಾಡಿದ ಮೊದಲ ವಾರಗಳಲ್ಲಿ ಏನೂ ಗೊತ್ತಾಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹಾಲು ಕಾಯಿಸಲು ಹೋದರೆ ಗ್ಯಾಸ್ ಒಲೆಯ ನಾಬು ತಿರುಗಿಸಲು ಹೆಬ್ಬೆರಳು ಒಪ್ಪಲಿಲ್ಲ. ಎರಡೂ ಕೈ ಸೇರಿಸಿ ತಿರುಗಿಸಿದೆ. ಮಣಿಕಟ್ಟು ಹಿಡಿದುಕೊಂಡಿತ್ತು. ರಾತ್ರಿ ಕೈ ಅಡಿಗೆ ಹಾಕಿ ಮಲಗಿದ್ದೆನೇನೋ ಅಂದುಕೊಂಡೆ. ಮುಂದಿನ ವಾರ ಮಾತ್ರೆ ಇನ್ನೊಂದು ಮೆಟ್ಟಿಲು ಇಳಿಯಿತು. ಆಗ ಮಂಡಿ, ಪಾದದ ಗಂಟು, ಭುಜ ಎಲ್ಲವೂ ಒಂದೊಂದಾಗಿ ಎದ್ದವು. ಬರೀ ಕೀಲುಗಳಾಗಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಮೊಣಕಾಲಿನ ಕೆಳಗಿನ ಉದ್ದ ಮೂಳೆ ಒಳಗಿನಿಂದ ನೋಯುತ್ತಿತ್ತು. ಒತ್ತಿದರೆ ಸಿಗದ ನೋವು ಅದು. ಮೇಲೆ ಎಷ್ಟು ಮುಲಾಮು ತಿಕ್ಕಿದರೂ ಚರ್ಮ ಉರಿಯುತ್ತಿತ್ತೇ ಹೊರತು ನೋವಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಎಲ್ಲಕ್ಕಿಂತ ಕಷ್ಟ ಒಂದು ಕಡೆ ಇರಲಾರದ್ದು. ಕೂತರೆ ಸೊಂಟದ ಕೆಳಗೆ ಹಿಡಿಯುತ್ತಿತ್ತು, ಏಳಬೇಕು ಅನಿಸುತ್ತಿತ್ತು. ಎದ್ದರೆ ಪಾದ ಊರಲು ಆಗುತ್ತಿರಲಿಲ್ಲ. ಮಲಗಿದರೆ ಭುಜ. ಪ್ಲಾಸ್ಟಿಕ್ ಕುರ್ಚಿಯಿಂದ ಮಂಚಕ್ಕೆ, ಮಂಚದಿಂದ ನೆಲಕ್ಕೆ, ನೆಲದಿಂದ ಹೊರಗಿನ ಮೆಟ್ಟಿಲಿಗೆ ಹೋಗುತ್ತಿದ್ದೆ. ಮೆಟ್ಟಿಲ ಮೇಲೆ ಕೂತರೆ ಒಳಗೆ ಏನೋ ಕೆಲಸ ಬಿಟ್ಟು ಬಂದೆನಲ್ಲಾ ಅನಿಸಿ ಮತ್ತೆ ಒಳಗೆ. ಬಿಸಿನೀರಿನಲ್ಲಿ ಕೈ ಇಟ್ಟರೆ ಮಾತ್ರ ಬೆರಳುಗಳಿಗೆ ಸ್ವಲ್ಪ ಹಿತವಾಗುತ್ತಿತ್ತು. ಅದಕ್ಕೇ ತೊಳೆದಿಟ್ಟ ಲೋಟಗಳನ್ನೇ ಮತ್ತೆ ಬಿಸಿನೀರಿಗೆ ಹಾಕಿ ತೊಳೆಯುತ್ತಿದ್ದೆ.

"ಅದೇ ಲೋಟ ಎಷ್ಟ್ ಸಲ ತೊಳೀತೀಯ?" ಎಂದು ಗಂಡ ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದರು.

"ಕೈಗೆ ಹಿತ ಆಗುತ್ತೆ, ಬಿಡ್ರಿ."

"ಸ್ವಲ್ಪ ಹೊತ್ತು ಒಂದ್ ಕಡೆ ಕೂತ್ಕೋ. ಕಾಲು ಒತ್ತಿಕೊಡ್ತೀನಿ."

ಕೂತೆ. ಅವರು ಕಾಲು ಒತ್ತತೊಡಗಿದರು. ಇಡೀ ದಿನ ಸ್ಪ್ಯಾನರ್ ಹಿಡಿದ ಕೈ ಅದು, ಬಲವಾದ ಕೈ. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ, ನಾನು ಕಾಲೆಳೆದುಕೊಂಡು ಎದ್ದೆ. ಅವರ ಕೈ ಹಾಗೇ ಖಾಲಿ ದಿಂಬಿನ ಮೇಲೆ ಉಳಿಯಿತು.

ಆಸ್ಪತ್ರೆಗೆ ಫೋನು ಮಾಡಿದೆ. ಡಾಕ್ಟರ ಸಹಾಯಕಿ, "ಮಾತ್ರೆ ಇಳಿಸುವಾಗ ಹಾಗಾಗುತ್ತೆ ಮೇಡಂ, ಡಾಕ್ಟರ್ ಹೇಳಿದ ಹಾಗೇ ಇಳಿಸ್ತಾ ಬನ್ನಿ, ಜಾಸ್ತಿ ಆದ್ರೆ ಬಂದು ತೋರಿಸಿ," ಅಂದಳು. ನಾನು ನಂಬಲಿಲ್ಲ. ರೋಗಕ್ಕೆ ಕೊಟ್ಟ ಮಾತ್ರೆ ಕಡಿಮೆಯಾದರೆ ರೋಗ ವಾಪಸು ಬರಬಹುದು, ಇದ್ದಕ್ಕಿದ್ದಂತೆ ಮೈಯ ಮೂಳೆಗಳೆಲ್ಲ ಯಾಕೆ ನೋಯಬೇಕು? ಇದು ಬೇರೆಯೇ ಏನೋ ಎಂದು ಮನಸ್ಸು ಹುಡುಕುತ್ತಲೇ ಇತ್ತು. ಪಕ್ಕದ ಮನೆಯ ಆಂಟಿ ಅದಕ್ಕೆ ಸರಿಯಾಗಿ, "ಸ್ಟೀರಾಯ್ಡ್ ಮೂಳೆ ತಿಂದ್ಬಿಡುತ್ತೆ ಕಣಮ್ಮ. ನಮ್ಮ ಭಾವನಿಗೆ ಸೊಂಟದ ಮೂಳೆ ಸತ್ತೇ ಹೋಗಿತ್ತು, ಆಪರೇಷನ್ ಮಾಡಿ ಸ್ಟೀಲಿಂದು ಹಾಕಿದ್ರು," ಎಂದರು. ಅವತ್ತಿನಿಂದ ಬಲಗಡೆಯ ತೊಡೆಸಂದಿಯಲ್ಲಿ ನೋವಿದೆಯೇ ಎಂದು ಗಮನಿಸತೊಡಗಿದೆ. ಗಮನಿಸಿದರೆ ಇತ್ತು.

ಆದರೂ ಕೆಲಸ ಬಿಡಲಿಲ್ಲ. ಮನೆಯಲ್ಲಿದ್ದರೆ ಹುಚ್ಚು ಹಿಡಿಯುತ್ತದೆ ಅನಿಸುತ್ತಿತ್ತು. ಕಾರಾದರೂ ಚಲಿಸುತ್ತಿರುತ್ತದಲ್ಲ.

ಆಗ ನನ್ನ ಹತ್ತಿರ ಕಲಿಯುತ್ತಿದ್ದವರಲ್ಲಿ ಜಯನಗರದ ಒಬ್ಬರು ಮೇಡಂ ಇದ್ದರು. ಸರ್ಕಾರಿ ಕಚೇರಿಯೊಂದರಲ್ಲಿ ದುಡಿದು ನಿವೃತ್ತರಾದವರು, ಅರವತ್ತು ದಾಟಿತ್ತು. ಯಜಮಾನರು ಹೋಗಿ ಎರಡು ವರ್ಷವಾಗಿತ್ತು, ಅವರ ಕಾರು ಮನೆಯ ಪೋರ್ಟಿಕೋದಲ್ಲಿ ಹೊದಿಕೆ ಹೊದ್ದು ನಿಂತಿತ್ತು. ಮಾರಿಬಿಡಿ ಎಂದು ಎಲ್ಲರೂ ಹೇಳಿದರಂತೆ. ಇವರು ಎಲ್‌ಎಲ್‌ಆರ್ ಎಂಬ ಕಲಿಕೆಯ ಲೈಸೆನ್ಸ್ ಮಾಡಿಸಿಕೊಂಡು ಸ್ಕೂಲಿಗೆ ಬಂದರು. ಕಾಟನ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕ ಒರೆಸಿ, ಪರೀಕ್ಷೆಗೆ ಕೂರುವವರ ಹಾಗೆ ಸ್ಟೀರಿಂಗಿನ ಮುಂದೆ ಕೂರುತ್ತಿದ್ದರು. ಕಲಿಯುವುದು ನಿಧಾನ. ಎದುರಿಗೆ ಬಸ್ಸು ಕಂಡರೆ ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿಬಿಡುತ್ತಿದ್ದರು.

"ಗಾಬರಿ ಆದ್ರೆ ಏನೂ ಮಾಡ್ಬೇಡಿ ಮೇಡಂ," ಎಂದು ನಾನು ಮೊದಲ ದಿನದಿಂದ ಹೇಳುತ್ತಿದ್ದೆ. "ಕಾಲು ಎತ್ತಿಬಿಡಿ. ಮಿಕ್ಕಿದ್ದು ನಾನು ನೋಡ್ಕೊಳ್ತೀನಿ."

ಒಂದು ದಿನ ಮಿಕ್ಕಿದ್ದನ್ನು ನೋಡಿಕೊಳ್ಳಲು ನನಗಾಗಲಿಲ್ಲ. ಸಾರಕ್ಕಿ ಮಾರ್ಕೆಟಿನ ಹತ್ತಿರ, ಬೆಳಗಿನ ಗದ್ದಲ. ಮುಂದಿದ್ದ ಆಟೋ ತಟ್ಟನೆ ನಿಂತಿತು. ಮೇಡಂ ಕಾಲು ಎತ್ತಿದರು, ಹೇಳಿಕೊಟ್ಟ ಹಾಗೆಯೇ. ನಾನು ಬ್ರೇಕು ಒತ್ತಲು ಹೋದೆ. ಪಾದದ ಗಂಟು ಬಾಗಲಿಲ್ಲ. ಹಿಮ್ಮಡಿಯಿಂದ ಮಂಡಿಯ ತನಕ ಒಂದು ನೋವು ಹೊಡೆಯಿತು, ಒತ್ತುವಷ್ಟರಲ್ಲಿ ತಡವಾಯಿತು. ದೊಡ್ಡ ಪೆಟ್ಟೇನಲ್ಲ. ಆಟೋದ ಹಿಂದಿನ ಬಂಪರಿಗೆ ನಮ್ಮ ಕಾರು ಹೋಗಿ ತಗುಲಿತು, ಅಷ್ಟೇ. ಆಟೋದಲ್ಲಿ ಸೊಪ್ಪಿನ ಮೂಟೆ ಬಿಟ್ಟರೆ ಯಾರೂ ಇರಲಿಲ್ಲ.

ಆಟೋದವನು ಇಳಿದು ಬಂದ. "ಏನ್ ಮೇಡಂ, ಕಲಿಸೋರೇ ಪಕ್ಕದಲ್ಲಿದ್ದೀರ. ನೋಡ್ಕೊಳ್ಳೋದಲ್ವಾ?"

"ತಪ್ಪು ನಂದಪ್ಪ," ಎಂದು ಮೇಡಂ ಕಿಟಕಿಯಿಂದ ಕೈ ಮುಗಿದರು. "ಈಗಿನ್ನೂ ಕಲೀತಿದ್ದೀನಿ."

ಅವನು ಬಂಪರನ್ನು ಒಮ್ಮೆ ಅಲುಗಿಸಿ ನೋಡಿ, ಗೊಣಗಿಕೊಂಡು ಹೊರಟುಹೋದ. ನಾನು ಕಾರನ್ನು ಪಕ್ಕದ ರಸ್ತೆಗೆ ತಿರುಗಿಸಿ ನಿಲ್ಲಿಸಲು ಹೇಳಿದೆ.

"ತಪ್ಪು ನಿಮ್ಮದಲ್ಲ ಮೇಡಂ. ನೀವು ಸರಿಯಾಗೇ ಮಾಡಿದ್ರಿ. ನನ್ನ ಕಾಲು ಬರ್ಲಿಲ್ಲ."

ಅವರು ನನ್ನ ಕಾಲಿನ ಕಡೆ ನೋಡಿದರು, ಆಮೇಲೆ ಮುಖದ ಕಡೆ. "ಅವಾಗಿನಿಂದ ನೋಡ್ತಿದ್ದೀನಿ. ನೀವು ಸೀಟಲ್ಲಿ ಒಂದ್ ನಿಮಿಷ ನೆಟ್ಟಗೆ ಕೂರಲ್ಲ. ನನ್ನ ಡ್ರೈವಿಂಗಿಗೇ ಭಯ ಬಿದ್ದಿದ್ದೀರ ಅಂದ್ಕೊಂಡಿದ್ದೆ."

ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಮಾತ್ರೆ, ಇಳಿಸುವುದು, ಮೂಳೆ ಎಲ್ಲವನ್ನೂ ಹೇಳಿಕೊಂಡೆ. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಅವತ್ತೇ ಸ್ಕೂಲಿನ ಮಾಲೀಕರಿಗೆ ಹೇಳಿ ರಜೆ ತೆಗೆದುಕೊಂಡೆ. ಇವತ್ತು ಸೊಪ್ಪಿನ ಮೂಟೆ, ನಾಳೆ ಯಾರಾದರೂ ರಸ್ತೆ ದಾಟುತ್ತಿದ್ದರೆ ಎಂಬ ಯೋಚನೆ ಬಂದ ಮೇಲೆ ಆ ಸೀಟಿನಲ್ಲಿ ಕೂರುವ ಧೈರ್ಯ ನನಗಿರಲಿಲ್ಲ.

ಮನೆಯಲ್ಲಿ ಉಳಿದೆ. ಉಳಿದೆ ಅನ್ನುವುದು ಸುಳ್ಳು, ಮನೆಯೊಳಗೆ ತಿರುಗುತ್ತಿದ್ದೆ. ಇಟ್ಟಮಡುವಿನ ನಮ್ಮ ರಸ್ತೆ ಇಳಿಜಾರು. ತಲೆ ಕೆಟ್ಟರೆ ಕೆಳಗಿನ ಅಂಗಡಿಯ ತನಕ ಇಳಿಯುತ್ತಿದ್ದೆ, ಹತ್ತಿ ಬರುವಾಗ ಪ್ರತಿ ಗೇಟನ್ನೂ ಹಿಡಿದುಕೊಳ್ಳುತ್ತಿದ್ದೆ. ಟಿ.ವಿ. ಹಾಕಿ ಆರಿಸುತ್ತಿದ್ದೆ. ಹುಳಿಗೆ ಬೇಳೆ ಇಟ್ಟು, ತರಕಾರಿ ಅರ್ಧ ಹೆಚ್ಚಿ, ಹಾಗೇ ಬಿಟ್ಟು ಹೋಗಿ ಮಲಗುತ್ತಿದ್ದೆ. ಕುಕ್ಕರ್ ಕೂಗಿದರೆ ಎದ್ದು ಬರಬೇಕಲ್ಲ ಎಂದು ಸಿಟ್ಟು ಬರುತ್ತಿತ್ತು. ಗಂಡ ಅಪಾರ್ಟ್‌ಮೆಂಟಿನವರು ಯಾರೋ ಬಿಸಾಡಲಿದ್ದ ಒಂದು ಒರಗುಕುರ್ಚಿಯನ್ನು ಕೇಳಿ ತಂದು, ಅದರ ಕೀಲಿಗೆ ಎಣ್ಣೆ ಬಿಟ್ಟು, ಬೆನ್ನಿಗೆ ಮೆತ್ತೆ ಕಟ್ಟಿಕೊಟ್ಟರು. ಅದರ ಮೇಲೂ ನಾನು ಕೂರಲಾರದೆ ಹೋದಾಗ ಅವರ ಮುಖ ನೋಡಲಾಗಲಿಲ್ಲ.

ಒಂದು ಬೆಳಿಗ್ಗೆ, ತಿಂಡಿಯಾದ ಮೇಲೆ, ಮಾತ್ರೆಯ ಡಬ್ಬಿ ತೆಗೆದವಳು ಅವತ್ತಿನದನ್ನು ನುಂಗಿದೆ. ಆಮೇಲೆ ಇನ್ನೂ ಒಂದನ್ನು. ಅದರ ಮೇಲೆ ಇನ್ನೊಂದನ್ನು. ಮೂಳೆ ನೋಯದೇ ಇದ್ದ ದಿನಗಳಲ್ಲಿ ಎಷ್ಟು ತೆಗೆದುಕೊಳ್ಳುತ್ತಿದ್ದೆನೋ ಅಷ್ಟು. ಯಾವ ತಯಾರಿಯೂ ಇರಲಿಲ್ಲ, ಕೈ ತಾನಾಗಿ ಮಾಡಿತು.

ಮಧ್ಯಾಹ್ನದ ಹೊತ್ತಿಗೆ ನೋವು ಹೊರಟುಹೋಯಿತು. ಬೆರಳು ಮಡಚಿದೆ, ಮಡಚಿತು. ಮೆಟ್ಟಿಲು ಇಳಿದೆ, ಹತ್ತಿದೆ. ನನ್ನ ಮೈ ನನಗೆ ಮರಳಿ ಸಿಕ್ಕಿದ ಹಾಗಾಗಿ, ಅಕ್ಕಿಹಿಟ್ಟು ಕಲಸಿ, ಸಬ್ಬಸಿಗೆ ಸೊಪ್ಪು ಹೆಚ್ಚಿ ಹಾಕಿ ರೊಟ್ಟಿ ತಟ್ಟಿದೆ. ಬೆರಳ ತುದಿಯಿಂದ ಬಾಣಲೆಯ ತಳಕ್ಕೆ ಹಿಟ್ಟು ತಟ್ಟುತ್ತಾ ಹೋಗುವುದು ಎಷ್ಟು ಸುಖದ ಕೆಲಸ ಎಂದು ಅವತ್ತು ಗೊತ್ತಾಯಿತು. ಸಂಜೆ ಗಂಡ ಬಂದು ರೊಟ್ಟಿ ನೋಡಿ ಖುಷಿಪಟ್ಟರು. ಎರಡನೆಯದನ್ನು ತಿನ್ನುವಾಗ ಕೈ ನಿಲ್ಲಿಸಿದರು.

"ಇದ್ದಕ್ಕಿದ್ದ ಹಾಗೆ ಹೇಗೆ ವಾಸಿ ಆಯ್ತು?"

ನಾನು ಇನ್ನೊಂದು ರೊಟ್ಟಿಯನ್ನು ಅವರ ತಟ್ಟೆಗೆ ಹಾಕಿದೆ. ಅವರು ಎದ್ದು ಹೋಗಿ ಡಬ್ಬಿ ನೋಡಿ ಬಂದರು.

"ನಾಳೆ ಏನ್ ಮಾಡ್ತೀಯ?"

"ನಾಳೆ ಡಾಕ್ಟ್ರು ಹೇಳಿದಷ್ಟೇ ತಗೋತೀನಿ."

ಮರುದಿನವೂ ಹೆಚ್ಚಿಗೆಯೇ ತೆಗೆದುಕೊಂಡೆ. ಒಮ್ಮೆ ಹಿತ ಕಂಡ ಮೈ ವಾಪಸು ಹೋಗಲು ಒಪ್ಪಲಿಲ್ಲ. ಸಂಜೆ ಅವರು ಕೂಗಾಡಲಿಲ್ಲ, ಬೆಳಿಗ್ಗೆ ಕೆಲಸಕ್ಕೆ ಹೋಗುವುದಿಲ್ಲ ಎಂದು ಮಾತ್ರ ಯಾರಿಗೋ ಫೋನಿನಲ್ಲಿ ಹೇಳಿದರು. ಮಾರನೆಯ ದಿನ ಇಬ್ಬರೂ ಡಾಕ್ಟರ ಮುಂದೆ ಕೂತಿದ್ದೆವು. ಕೂತಿದ್ದವರು ಅವರು; ಅವತ್ತು ಡಾಕ್ಟರು ಹೇಳಿದಷ್ಟೇ ನುಂಗಿದ್ದರಿಂದ ನೋವು ಮರಳಿ, ನಾನು ಕುರ್ಚಿಯ ತುದಿಗೆ ಒರಗಿ ನಿಂತಿದ್ದೆ.

ಹೆಚ್ಚಿಗೆ ತೆಗೆದುಕೊಂಡದ್ದನ್ನು ನಾನೇ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಡಾಕ್ಟರು ಪೆನ್ನು ಕೆಳಗಿಟ್ಟರು.

"ನೋವು ಪೂರ್ತಿ ಹೋಯ್ತಾ?"

"ಪೂರ್ತಿ ಹೋಯ್ತು."

"ಅಂದ್ರೆ ಅದು ಮಾತ್ರೆ ಇಳಿಸಿದ್ದಕ್ಕೇ ಬಂದ ನೋವಿರ್ಬೇಕು. ನೋಡಿ, ನಿಮ್ಮ ಕಿಡ್ನಿ ಮೇಲೆ ಟೋಪಿ ಇಟ್ಟ ಹಾಗೆ ಒಂದೊಂದು ಗ್ರಂಥಿ ಇದೆ. ನಮ್ಮ ಮೈಗೆ ಬೇಕಾದ ಸ್ಟೀರಾಯ್ಡ್ ಅದೇ ದಿನಾ ಮಾಡುತ್ತೆ. ಹೊರಗಿನಿಂದ ಇಷ್ಟೊಂದು ಬರ್ತಿದ್ರೆ ಅದು ಕೆಲಸ ನಿಲ್ಲಿಸಿಬಿಡುತ್ತೆ. ನಾವೀಗ ಹೊರಗಿಂದು ಕಮ್ಮಿ ಮಾಡ್ತಿದ್ದೀವಿ. ಅದು ಇನ್ನೂ ಎದ್ದಿಲ್ಲ. ಮಧ್ಯೆ ಈ ಅಂತರದಲ್ಲಿ ಕೆಲವರಿಗೆ ಕೀಲು, ಮೂಳೆ, ಮಾಂಸಖಂಡ ಎಲ್ಲ ನೋಯುತ್ತೆ. ಸುಸ್ತಾಗುತ್ತೆ, ಮನಸ್ಸಿಗೆ ನೆಮ್ಮದಿ ಇರಲ್ಲ."

"ಅದು ಏಳೋದು ಯಾವಾಗ?"

"ಒಬ್ಬೊಬ್ಬರಿಗೆ ಒಂದೊಂದು ಥರ. ನೀವು ಮಧ್ಯೆ ಮಧ್ಯೆ ಹೆಚ್ಚಿಗೆ ನುಂಗಿದ್ರೆ ಅದು ಮತ್ತೆ ಮಲಗುತ್ತೆ. ಪೂರ್ತಿ ಬಿಟ್ಟುಬಿಟ್ರೆ ಜೀವಕ್ಕೇ ತೊಂದರೆ. ಎರಡೂ ಬೇಡ. ತಡ್ಕೊಳ್ಳೋಕೆ ಆಗ್ದೇ ಇದ್ರೆ ನನಗೆ ಫೋನ್ ಮಾಡಿ, ನಾನು ನಿಧಾನ ಮಾಡ್ತೀನಿ."

ಆಮೇಲೆ ಹಾಸಿಗೆಯ ಮೇಲೆ ಮಲಗಿಸಿ ನನ್ನ ಕಾಲುಗಳನ್ನು ಮಡಚಿ ತಿರುಗಿಸಿ ನೋಡಿದರು. ಬಲಗಾಲನ್ನು ಒಳಗಡೆಗೆ ತಿರುಗಿಸಿದಾಗ ತೊಡೆಸಂದಿಯಲ್ಲಿ ಚುರ್ ಎಂದಿತು. ಅವರು ಇನ್ನೊಮ್ಮೆ ತಿರುಗಿಸಿದರು. "ಇಲ್ಲಿ ಒಂದು ಕಡೆ ಮಾತ್ರ ಇದೆ. ಹೆಚ್ಚಿನ ಪಾಲು ಏನೂ ಇರಲ್ಲ. ಆದ್ರೂ ಒಂದ್ ಎಂ.ಆರ್.ಐ. ಮಾಡಿಸೋಣ," ಅಂದರು. ಪಕ್ಕದ ಮನೆಯ ಆಂಟಿಯ ಭಾವ ನೆನಪಾದರು. ಗಂಡನ ಕಡೆ ತಿರುಗಿ ನೋಡಿದರೆ ಅವರು ಗೋಡೆಯ ಮೇಲಿನ ಕಿಡ್ನಿಯ ಚಿತ್ರವನ್ನೇ ನೋಡುತ್ತಿದ್ದರು.

ಸ್ಕ್ಯಾನಿಗೆ ಜಯನಗರದ ಒಂದು ಕಡೆ ಸಮಯ ಕೊಟ್ಟರು. ಅವತ್ತು ಬೆಳಿಗ್ಗೆ ಹೊರಡಬೇಕು ಅನ್ನುವಾಗ ಗಂಡನಿಗೆ ಫೋನು ಬಂತು. ಪುಟ್ಟೇನಹಳ್ಳಿಯ ಅಪಾರ್ಟ್‌ಮೆಂಟೊಂದರಲ್ಲಿ ಲಿಫ್ಟು ಎರಡು ಮಹಡಿಯ ನಡುವೆ ನಿಂತು ಒಳಗೆ ವಯಸ್ಸಾದ ದಂಪತಿ ಸಿಕ್ಕಿಕೊಂಡಿದ್ದರು. ಹೋಗದೇ ಇರುವಂತಿರಲಿಲ್ಲ. "ನೀವು ಹೋಗಿ, ನಾನು ಆಟೋದಲ್ಲಿ ಹೋಗ್ತೀನಿ," ಅಂದೆ. ಅವರು ಹೋದ ಮೇಲೆ ಆಟೋ ಹುಡುಕುತ್ತಾ ನಿಂತಿದ್ದಾಗ ಮೇಡಂ ಫೋನು ಮಾಡಿದರು. ರಜೆ ಹಾಕಿದಾಗಿನಿಂದ ಅವರು ಆಗಾಗ ಮಾಡಿ ವಿಚಾರಿಸಿಕೊಳ್ಳುತ್ತಿದ್ದರು. ವಿಷಯ ಕೇಳಿದವರೇ, "ಅಲ್ಲೇ ಇರಿ, ಬಂದೆ," ಅಂದರು.

ಆಟೋದಲ್ಲಿ ಬರುತ್ತಾರೆ ಅಂದುಕೊಂಡಿದ್ದೆ. ಆಟೋದಲ್ಲೇ ಬಂದರು. "ಹತ್ತಿ, ಮೊದಲು ನಮ್ಮನೆಗೆ ಹೋಗೋಣ," ಅಂದರು. ಯಾಕೆಂದು ಅವರ ಮನೆಯ ಗೇಟಿನಲ್ಲಿ ಇಳಿದಾಗ ಗೊತ್ತಾಯಿತು. ಕಾರಿನ ಹೊದಿಕೆ ತೆಗೆದಿತ್ತು. ಮುಂದೆ ಹಿಂದೆ ಕೆಂಪು ಎಲ್ ಅಂಟಿಸಿತ್ತು.

"ಲೈಸೆನ್ಸ್ ಇರೋರು ಪಕ್ಕದಲ್ಲಿದ್ರೆ ಎಲ್‌ಎಲ್‌ಆರ್ ಇರೋರು ಓಡಿಸಬಹುದು ಅಂತ ನೀವೇ ಹೇಳಿದ್ದೀರ," ಎಂದರು. "ನಾಲ್ಕು ರಸ್ತೆ ಆಚೆ ಇದೆ ಸೆಂಟರ್ರು. ಸ್ಕ್ಯಾನ್ ಮುಗಿಸಿ ಬರುವಾಗ ನಿಮಗೆ ಆಟೋ ಕುಲುಕಾಟ ಬೇಡ."

ಅವರ ಕಾರಿನಲ್ಲಿ ಎಡಗಡೆ ಬ್ರೇಕಿರಲಿಲ್ಲ. ಅದು ಗೊತ್ತಿದ್ದೂ ನನ್ನ ಕಾಲು ಮ್ಯಾಟಿನ ಮೇಲೆ ಹುಡುಕಾಡುತ್ತಲೇ ಇತ್ತು. ಮರಗಳ ನೆರಳಿನ ರಸ್ತೆಯಲ್ಲಿ ಅವರು ಎರಡನೇ ಗೇರಿನಲ್ಲೇ ಹೋದರು. ತಿರುವಿನಲ್ಲಿ ಹಾಲಿನ ಟೆಂಪೋ ಬಂತು. ನಾನು ಉಸಿರು ಹಿಡಿದೆ. ಅವರು ಕಾಲು ಎತ್ತಿದರು, ಆಮೇಲೆ ಮೆತ್ತಗೆ ಬ್ರೇಕು ಒತ್ತಿದರು. ಕಾರು ನಿಂತಿತು. ಟೆಂಪೋ ಹೋಯಿತು. ಅವರು ಕನ್ನಡಕ ಮೇಲೆ ತಳ್ಳಿಕೊಂಡು ಮತ್ತೆ ಗೇರು ಹಾಕಿದರು.

ಸ್ಕ್ಯಾನಿನ ಕೋಣೆ ತಣ್ಣಗಿತ್ತು. ಟೆಕ್ನಿಷಿಯನ್ ಪಾದಗಳೆರಡನ್ನೂ ಸೇರಿಸಿ ಟೇಪು ಸುತ್ತಿದ. "ಅಕ್ಕ, ಅರ್ಧ ಗಂಟೆ ಆಗುತ್ತೆ. ಸ್ವಲ್ಪವೂ ಅಲ್ಲಾಡ್ಬಾರದು. ಅಲ್ಲಾಡಿದ್ರೆ ಮತ್ತೆ ಮೊದಲಿಂದ," ಅಂದ. ಐದು ನಿಮಿಷ ಒಂದು ಕುರ್ಚಿಯಲ್ಲಿ ಕೂರಲಾರದವಳಿಗೆ ಅರ್ಧ ಗಂಟೆ. ಮೆಷಿನ್ನು ಕುಟ್ಟತೊಡಗಿತು. ಮೊದಲು ಮೊಣಕಾಲಿನ ಕೆಳಗಿನ ಮೂಳೆ ಶುರುಮಾಡಿತು. ಆಮೇಲೆ ಸೊಂಟ. ಕಾಲನ್ನು ಒಂದೇ ಒಂದು ಸಲ ಮಡಚಿದರೆ ಸಾಕು ಅನಿಸಿತು. ಆ ಒಂದು ಸಲದ ಆಸೆ ಬಾಯಿಗೆ ಬಂದು ಕೂಗಿಬಿಟ್ಟೆ. ತೊಂದರೆಯಾದರೆ ಕರೆಯಲೆಂದು ಕೈಗೆ ಕೊಟ್ಟಿದ್ದ ರಬ್ಬರ್ ಬಲ್ಬನ್ನು ಒತ್ತಿ ಒತ್ತಿ ಹೊರಗೆ ಬಂದೆ.

"ನನ್ನಿಂದ ಆಗಲ್ಲ. ಮನೆಗೆ ಹೋಗೋಣ," ಎಂದೆ ಮೇಡಂ ಹತ್ತಿರ. ಕಾಲಿಗೆ ಚಪ್ಪಲಿ ಹಾಕಿಕೊಂಡೂ ಆಗಿತ್ತು.

ಅವರು ಟೆಕ್ನಿಷಿಯನ್ ಹತ್ತಿರ ಹೋಗಿ ಏನೋ ಮಾತಾಡಿದರು. ಅವನು ಅವರನ್ನು ಹಲವು ಪ್ರಶ್ನೆ ಕೇಳಿದ. ಮೈಯೊಳಗೆ ರಾಡು, ಪೇಸ್‌ಮೇಕರ್ ಏನಾದರೂ ಇದೆಯೇ ಎಂದು. ಅವರು ಬಳೆ, ಓಲೆ, ವಾಚು, ಕನ್ನಡಕ, ಸೀರೆಯ ಪಿನ್ನು, ಕೂದಲಿನ ಕ್ಲಿಪ್ಪು ಎಲ್ಲವನ್ನೂ ತೆಗೆದು ತಟ್ಟೆಯಲ್ಲಿಟ್ಟು, ಸಡಿಲ ಕೂದಲಲ್ಲೇ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಬಂದರು. ಕನ್ನಡಕವಿಲ್ಲದ ಅವರ ಮುಖ ಬೇರೆಯೇ ಆಗಿ ಕಾಣುತ್ತಿತ್ತು.

"ಬಾ, ಮಲ್ಕೋ," ಅಂದರು. ಅದುವರೆಗೆ ನನ್ನನ್ನು ಏಕವಚನದಲ್ಲಿ ಕರೆದವರಲ್ಲ. "ಗಾಬರಿ ಆದ್ರೆ ಕಾಲು ಎತ್ತು ಅಂತ ನಂಗೆ ಹೇಳಿಕೊಡ್ತಿದ್ದೆಯಲ್ಲ. ಇಲ್ಲಿ ಮಾತ್ರ ಎತ್ಬೇಡ."

ನನ್ನ ತಲೆ ಮೆಷಿನ್ನಿನ ಬಾಯಿಯ ಹತ್ತಿರವೇ ಇತ್ತು. ಅವರು ಅಲ್ಲಿ ನಿಂತು ನನ್ನ ಹಣೆಯ ಮೇಲೆ ಅಂಗೈ ಇಟ್ಟರು. ಸದ್ದು ಶುರುವಾಯಿತು, ಮಾತು ಕೇಳುವಂತಿರಲಿಲ್ಲ. ನೋವು ಅಷ್ಟೇ ಇತ್ತು. ಮೂಳೆ ಅಷ್ಟೇ ಕಾಡಿತು. ಬೆವರು ಕಿವಿಯೊಳಗೆ ಇಳಿಯಿತು. ನಾನು ಅತ್ತೆ, ಆದರೆ ಅಲ್ಲಾಡದೆ ಅತ್ತೆ. ಅವರು ಕೈ ತೆಗೆಯಲಿಲ್ಲ. ಅರವತ್ತು ದಾಟಿದವರು ಅಷ್ಟು ಹೊತ್ತು ಬಗ್ಗಿ ನಿಂತಿದ್ದರು, ಮುಗಿದ ಮೇಲೆ ಅವರ ಬೆನ್ನು ನೆಟ್ಟಗಾಗಲು ಸಮಯ ಹಿಡಿಯಿತು.

ಸೊಂಟದ ಮೂಳೆ ಸತ್ತಿರಲಿಲ್ಲ. ಎರಡೂ ಕಡೆ ಚೆನ್ನಾಗಿದೆ ಎಂದು ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ನನಗೆ ಅದರಲ್ಲಿ ಎರಡು ಬಿಳಿ ಉಂಡೆಗಳಷ್ಟೇ ಕಂಡವು. ಗಂಡ ಅದನ್ನು ಮತ್ತೆ ಮತ್ತೆ ನೋಡಿದರು. "ಬೇರಿಂಗ್ ಸರಿಯಾಗಿದೆ," ಎಂದು ಹೊರಗೆ ಬಂದ ಮೇಲೆ ಹೇಳಿದರು. ಅವರ ಕಣ್ಣು ಒದ್ದೆಯಾಗಿತ್ತು.

ಅದರಿಂದ ನೋವು ಹೋಗಲಿಲ್ಲ. ಡಾಕ್ಟರು ಮೆಟ್ಟಿಲುಗಳನ್ನು ಇನ್ನೂ ಚಿಕ್ಕದು ಮಾಡಿದರು. ಇಳಿಸುವುದು ಚೂರು, ಅದಾದ ಮೇಲೆ ಕಾಯುವುದು ಹೆಚ್ಚು. ಪ್ರತಿ ಸಲ ಇಳಿಸಿದಾಗಲೂ ಮೊದಲ ಕೆಲವು ದಿನ ಮೈ ಕೆರಳುತ್ತಿತ್ತು, ಆಮೇಲೆ ಸ್ವಲ್ಪ ತಣಿಯುತ್ತಿತ್ತು, ತಣಿಯಿತು ಅನ್ನುವಾಗ ಮತ್ತೆ ಇಳಿಸುವ ದಿನ ಬರುತ್ತಿತ್ತು. ಹೊಸ ರೋಗವಲ್ಲ ಎಂದು ಗೊತ್ತಾದದ್ದರಿಂದ ಭಯ ಕಡಿಮೆಯಾಯಿತು. ಆದರೆ ಚಡಪಡಿಕೆ ತನ್ನಷ್ಟಕ್ಕೆ ತಾನಿತ್ತು. ಡಬ್ಬಿಯ ಜವಾಬ್ದಾರಿಯನ್ನು ನಾನೇ ಗಂಡನಿಗೆ ಒಪ್ಪಿಸಿದೆ. ಅವರು ತಿಂಡಿಯ ತಟ್ಟೆಯ ಪಕ್ಕ ಅವತ್ತಿನದನ್ನು ಇಟ್ಟು, ಉಳಿದದ್ದನ್ನು ತಮ್ಮ ಟೂಲ್ ಬ್ಯಾಗಿನಲ್ಲಿ ಹಾಕಿಕೊಂಡು ಹೊರಡುತ್ತಿದ್ದರು. ಕೆಲವು ದಿನ ಅವರು ಮೂಲೆ ತಿರುಗುವ ಮೊದಲೇ ಫೋನು ಮಾಡಿ ಬೈಯುತ್ತಿದ್ದೆ. "ಸರಿ, ಬಯ್ಯಿ," ಅನ್ನುತ್ತಿದ್ದರು. "ಸಂಜೆ ಬರ್ತಾ ಏನ್ ತರ್ಲಿ?"

ಮೇಡಂ ವಾರಕ್ಕೆರಡು ಸಲ ಕಾರು ತೆಗೆದುಕೊಂಡು ಬರತೊಡಗಿದರು. ಜೊತೆಯಲ್ಲಿ ಲೈಸೆನ್ಸ್ ಇದ್ದ ಅವರ ತಮ್ಮ ಇಟ್ಟಮಡುವಿನ ತನಕ ಬಂದು, ನನ್ನನ್ನು ಹತ್ತಿಸಿ, ತಾವು ಬಸ್ಸಿನಲ್ಲಿ ಹೋಗಿ, ಮೇಡಂ ಮನೆಗೆ ಹೊರಡುವ ಹೊತ್ತಿಗೆ ಮತ್ತೆ ಬಂದು ಸೇರಿಕೊಳ್ಳುತ್ತಿದ್ದರು. "ನನಗೆ ಪ್ರಾಕ್ಟೀಸ್ ಆಗ್ಬೇಕಲ್ಲ," ಎಂದು ಮೇಡಂ ಸಬೂಬು ಹೇಳುತ್ತಿದ್ದರು. ಕೂತು ಸಾಕಾದರೆ ನಾನು ಹೇಳುವ ಮೊದಲೇ ಎಲ್ಲಾದರೂ ಪಕ್ಕಕ್ಕೆ ನಿಲ್ಲಿಸುತ್ತಿದ್ದರು. ಇಳಿದು ಸ್ವಲ್ಪ ನಡೆಯುತ್ತಿದ್ದೆವು, ಮತ್ತೆ ಹತ್ತುತ್ತಿದ್ದೆವು. ಪುಟ್ಟೇನಹಳ್ಳಿ ಕೆರೆಯ ಸುತ್ತಿನ ದಾರಿಯಲ್ಲಿ ಮೊದಲ ಸಲ ಒಂದು ಬೆಂಚಿನಿಂದ ಮುಂದಿನ ಬೆಂಚಿನ ತನಕ ಹೋಗಿ ವಾಪಸು ಬಂದೆವು. ಒಂದು ಸಲ ಅಲ್ಲಿ ಕೂತಿದ್ದಾಗ ಅವರು ಹೇಳಿದರು:

"ನಮ್ಮ ಯಜಮಾನರು ಹೋದ ಮೇಲೆ ನನಗೂ ಹೀಗೇ ಆಗಿತ್ತು ಕಣೆ. ನೋವಲ್ಲ. ಒಂದ್ ಕಡೆ ಕೂರಕ್ಕಾಗ್ತಿರ್ಲಿಲ್ಲ. ಅಡುಗೆಮನೆಗೆ ಹೋಗೋದು, ಯಾಕೆ ಬಂದೆ ಅಂತ ನಿಲ್ಲೋದು. ಅದಕ್ಕೇ ಕಾರು ಕಲಿಯೋಕೆ ಬಂದಿದ್ದು. ಅಲ್ಲಿ ಕೂತ್ರೆ ಬೇರೆ ಯೋಚನೆ ಮಾಡೋಕೆ ಆಗಲ್ಲ ನೋಡು."

"ರಿವರ್ಸ್ ಇನ್ನೂ ಸರಿಯಾಗಿಲ್ಲ ನಿಮ್ಮದು," ಅಂದೆ. ಅವರು ಜೋರಾಗಿ ನಕ್ಕರು.

ಲೈಸೆನ್ಸಿನ ಟೆಸ್ಟಿನಲ್ಲಿ ಮೊದಲ ಸಲ ಆ ರಿವರ್ಸಿನಲ್ಲೇ ಕಂಬ ತಾಗಿಸಿ ಫೇಲಾದರು. ಎರಡನೆಯ ಸಲ ನಾನೂ ಜೊತೆಗೆ ಹೋದೆ. ಟ್ರ್ಯಾಕಿನ ಹೊರಗೆ ಬಿಸಿಲಿನಲ್ಲಿ ನಿಂತು ಅವರ ಕಾರು ಹಿಂದಕ್ಕೆ ಬರುವುದನ್ನು ನೋಡುತ್ತಿದ್ದೆ. ಅವರು ಪಾಸಾಗಿ ಇಳಿದು ಬಂದಾಗಲೇ ನಾನು ಅಷ್ಟು ಹೊತ್ತು ಒಂದೇ ಜಾಗದಲ್ಲಿ ನಿಂತಿದ್ದೆ ಎಂಬುದು ನನ್ನ ಗಮನಕ್ಕೆ ಬಂದದ್ದು.

ಅಷ್ಟರಲ್ಲಿ ಮಾತ್ರೆ ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿತ್ತು. ಒಂದು ಬೆಳಿಗ್ಗೆ ರಕ್ತ ಕೊಟ್ಟು ಬಂದೆ. ಗ್ರಂಥಿ ಎದ್ದಿದೆ, ಕೆಲಸ ಮಾಡುತ್ತಿದೆ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ನಾಳೆಯಿಂದ ಬೇಡ ಅಂದರು. ಜ್ವರ, ವಾಂತಿ ಏನಾದರೂ ಬಂದರೆ ಸುಮ್ಮನಿರದೆ ಕೂಡಲೇ ಬರಬೇಕೆಂದೂ, ಪ್ರೋಟೀನ್ ಮತ್ತೆ ಸೋರಬಹುದು, ಪರೀಕ್ಷೆ ತಪ್ಪಿಸಬಾರದೆಂದೂ ಎಚ್ಚರಿಸಿದರು. ಮರುದಿನ ತಿಂಡಿಯ ತಟ್ಟೆಯ ಪಕ್ಕ ಏನೂ ಇರಲಿಲ್ಲ. ಹಬ್ಬ ಮಾಡಬೇಕು ಅನಿಸಬೇಕಿತ್ತು. ನನಗೆ ಏನೋ ಮರೆತ ಹಾಗಾಗಿ ಎರಡು ಸಲ ಅಡುಗೆಮನೆಗೆ ಹೋಗಿ ಬಂದೆ.

ನೋವು ಒಂದೇ ದಿನ ಹೋಗಲಿಲ್ಲ. ಭುಜ ಮೊದಲು ಬಿಟ್ಟಿತು, ಮಂಡಿ ಆಮೇಲೆ, ಮೂಳೆಯೊಳಗಿನ ಆ ನೋವು ಯಾವಾಗ ಹೋಯಿತೋ ಗೊತ್ತಾಗಲೇ ಇಲ್ಲ. ಮಣಿಕಟ್ಟು ಇವತ್ತಿಗೂ ತಣ್ಣಗಿನ ಬೆಳಿಗ್ಗೆಗಳಲ್ಲಿ ಗೊಣಗುತ್ತದೆ. ಕೆಲಸಕ್ಕೆ ಮರಳಿದ್ದೇನೆ. ಹಾಗೆಂದು ನಾನು ಮೊದಲಿನವಳಲ್ಲ. ಕಾಲಲ್ಲಿ ಎಲ್ಲಾದರೂ ಸಣ್ಣ ಚುರುಕು ಕಂಡರೆ ಮನಸ್ಸು ಎದ್ದು ಓಡಾಡತೊಡಗುತ್ತದೆ, ಸಂಜೆ ಚಪ್ಪಲಿ ಬಿಟ್ಟ ಕೂಡಲೇ ಪಟ್ಟಿಯ ಗುರುತು ಎಷ್ಟು ಆಳವಿದೆ ಎಂದು ಬಗ್ಗಿ ನೋಡುತ್ತೇನೆ. ಮೊನ್ನೆ ಹಾಗೆ ಬಗ್ಗಿದ್ದಾಗ ಗಂಡ ಬಂದು ಪಕ್ಕದಲ್ಲಿ ಕೂತರು.

"ಬಾವು ಇದೆಯಾ?" ಎಂದು ಕೇಳಿದರು.

"ಇಲ್ಲ ಅನ್ಸುತ್ತೆ. ನೀವೊಂದ್ಸಲ ನೋಡಿ."

ಅವರು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಇರಲಿಲ್ಲ. ಇಬ್ಬರೂ ಕಾಫಿ ಕುಡಿಯಲು ಒಳಗೆ ಹೋದೆವು.